ಊರ ಹಣ, ಊರ ಮುಂದೆ ಲೆಕ್ಕ

ಪ್ರಜಾಪ್ರಭುತ್ವವೆಂದರೆ ಐದು ವರ್ಷಗಳಿಗೊಮ್ಮೆ ಮತ ಚಲಾಯಿಸುವ ಕ್ರಿಯೆ ಮಾತ್ರವಲ್ಲ. ಮತ ಪಡೆದವರು ಆ ಐದು ವರ್ಷಗಳಲ್ಲಿ ಏನು ಮಾಡಿದರು, ಜನರಿಂದ ಬಂದ ಹಣವನ್ನು ಯಾವ ಬಾಬಿಗೆ ವೆಚ್ಚ ಮಾಡಿದರು, ವೆಚ್ಚವಾಯಿತೆಂದು ಬರೆದದ್ದು ನಿಜವಾಗಿ ನೆಲದ ಮೇಲೆ ಕಾಣುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವ ವ್ಯವಸ್ಥೆಯೂ ಅದರ ಅವಿಭಾಜ್ಯ ಅಂಗ. ಕೇಳುವ ಮುನ್ನವೇ ಕಡತವನ್ನು ತೆರೆದಿಡುವ ಗುಣಕ್ಕೆ ಪಾರದರ್ಶಕತೆಯೆಂದು ಹೆಸರು. ಕೇಳಿದಾಗ ಉತ್ತರ ಕೊಡುವ, ತಪ್ಪಿದ್ದರೆ ತಿದ್ದಿಕೊಳ್ಳುವ ಹೊಣೆಗೆ ಉತ್ತರದಾಯಿತ್ವವೆಂದು ಹೆಸರು. ಇವೆರಡೂ ಒಂದೇ ಅಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಲೆಕ್ಕದ ವಹಿ ಎಲ್ಲರಿಗೂ ಕಾಣಬಹುದು, ಆದರೆ "ಇದೇಕೆ ಹೀಗೆ?" ಎಂದವನಿಗೆ ಉತ್ತರ ಹೇಳುವವರೇ ಇಲ್ಲದಿದ್ದರೆ ಆ ಕಾಣುವಿಕೆಯಿಂದ ಪ್ರಯೋಜನವಿಲ್ಲ. ಹಾಗೆಯೇ ವಹಿಯನ್ನೇ ಮುಚ್ಚಿಟ್ಟಿದ್ದರೆ ಪ್ರಶ್ನೆ ಹುಟ್ಟುವುದಕ್ಕೆ ಅವಕಾಶವೇ ಇರುವುದಿಲ್ಲ.

ಈ ಎರಡು ಗುಣಗಳ ನಿಜವಾದ ಪರೀಕ್ಷೆ ನಡೆಯುವುದು ದೂರದ ರಾಜಧಾನಿಗಳಲ್ಲಿ ಅಲ್ಲ, ಗ್ರಾಮ ಪಂಚಾಯಿತಿಯ ಕಟ್ಟಡದಲ್ಲಿ. ದೇಶದ ರಕ್ಷಣಾ ವೆಚ್ಚ ಸರಿಯೇ ತಪ್ಪೇ ಎಂದು ಒಬ್ಬ ಸಾಮಾನ್ಯ ರೈತ ಅಳೆಯಲಾರ. ತನ್ನ ಮನೆಯ ಮುಂದಿನ ಚರಂಡಿ ಕಟ್ಟಲ್ಪಟ್ಟಿದೆಯೇ ಇಲ್ಲವೇ ಎಂಬುದನ್ನು ಹೇಳಲು ಅವನಿಗೆ ಯಾವ ತಜ್ಞನ ನೆರವೂ ಬೇಡ. ಆದ್ದರಿಂದ ಲೆಕ್ಕ ಕೇಳುವ ವಿದ್ಯೆಯನ್ನು ಕಲಿಯಲು ಹಳ್ಳಿಯೇ ಮೊದಲ ಪಾಠಶಾಲೆ.

ಹಿಂದಿನವರ ಮೇಲ್ಪಂಕ್ತಿ

ಸಾರ್ವಜನಿಕ ಹಣಕ್ಕೆ ಲೆಕ್ಕ ಒಪ್ಪಿಸಬೇಕೆಂಬ ಭಾವನೆ ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಭಾವಿಸುವುದು ಸರಿಯಲ್ಲ. ಸರಕಾರಿ ಹಣ ಸೋರಿಹೋಗುವ ನಲವತ್ತು ಬಗೆಗಳನ್ನು ಕೌಟಿಲ್ಯನ ಅರ್ಥಶಾಸ್ತ್ರ ಎಣಿಸಿ ಹೇಳಿದೆ. ಅದಕ್ಕಿಂತಲೂ ಗಮನಾರ್ಹವಾದುದು ತಮಿಳುನಾಡಿನ ಉತ್ತರಮೇರೂರಿನ ಶಾಸನ. ಚೋಳರಾಜನಾದ ಒಂದನೆಯ ಪರಾಂತಕನ ಆಳ್ವಿಕೆಯಲ್ಲಿ, ಹತ್ತನೆಯ ಶತಮಾನದ ಆರಂಭದಲ್ಲಿ, ಆ ಊರಿನ ಸಭೆ ತನ್ನ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ನಿಯಮಗಳನ್ನು ಕಲ್ಲಿನ ಮೇಲೆ ಕೆತ್ತಿಸಿತು. ಊರನ್ನು 30 ಭಾಗಗಳಾಗಿ ವಿಂಗಡಿಸಿ, ಅರ್ಹರ ಹೆಸರುಗಳನ್ನು ಓಲೆಯಲ್ಲಿ ಬರೆದು, ಕೊಡದಲ್ಲಿ ಹಾಕಿ, ಎತ್ತುವ ಪದ್ಧತಿ ಅದು. ಅನರ್ಹರ ಪಟ್ಟಿಯಲ್ಲಿ ಒಂದು ವರ್ಗ ವಿಶೇಷವಾಗಿ ಕಣ್ಣಿಗೆ ಬೀಳುತ್ತದೆ: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು. ಅವರಷ್ಟೇ ಅಲ್ಲ, ಅವರ ಹತ್ತಿರದ ಬಂಧುಗಳೂ ಆಯ್ಕೆಗೆ ಅನರ್ಹರು. ಆ ಸಭೆಯಲ್ಲಿ ಎಲ್ಲ ಜಾತಿಯವರಿಗೂ, ಸ್ತ್ರೀಯರಿಗೂ ಸ್ಥಾನವಿರಲಿಲ್ಲವೆಂಬುದು ನಿಜ; ಅದನ್ನು ಇಂದಿನ ಪ್ರಜಾಪ್ರಭುತ್ವದೊಡನೆ ಹೋಲಿಸಲಾಗದು. ಆದರೆ ಲೆಕ್ಕ ಕೊಡದವನಿಗೆ ಮತ್ತೆ ಅಧಿಕಾರವಿಲ್ಲ ಎಂಬ ಒಂದು ಸೂತ್ರದಲ್ಲಿ ಆ ಸಭೆ ಸಾವಿರ ವರ್ಷ ಮುಂದಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಭಂಡಾರದ ಹಣ ವ್ಯಯಮಾಡಿದರೆಂಬ ದೂರು ಬಂದಾಗ, ಅವರು ದೊರೆಯ ಮುಂದೆ ಭಂಡಾರವನ್ನು ತೆರೆದು ಎಣಿಸಿ ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ಆ ಕಥೆಯ ಪವಾಡದ ಅಂಶವನ್ನು ಯಾರು ಹೇಗೆ ಗ್ರಹಿಸಿದರೂ, ದೂರಿದವರ ಎದುರಿಗೇ ಪೆಟ್ಟಿಗೆಯ ಮುಚ್ಚಳ ತೆಗೆಯುವ ನಡೆ ಹಣ ಕಾಯುವವರೆಲ್ಲರಿಗೂ ಪಾಠವಾಗಬಲ್ಲದು.

ಇನ್ನೂ ಈಚಿನ ಕಾಲಕ್ಕೆ ಬಂದರೆ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯನ್ನು ನೆನೆಯಬೇಕು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಇದನ್ನು ಆರಂಭಿಸಿದರು. ಮೊದಲ ಅಧಿವೇಶನಕ್ಕೆ 144 ಮಂದಿ ರೈತರೂ ವರ್ತಕರೂ ಸೇರಿದ್ದರು. ಕಾನೂನು ಮಾಡುವ ಅಧಿಕಾರವೇನೂ ಆ ಸಭೆಗೆ ಇರಲಿಲ್ಲ. ಆದರೂ ಸಂಸ್ಥಾನದ ಆದಾಯ ವೆಚ್ಚಗಳನ್ನೂ ಆಡಳಿತದ ಉದ್ದೇಶಗಳನ್ನೂ ದಿವಾನರು ಪ್ರಜೆಗಳ ಮುಂದೆ ಓದಿ ಹೇಳುವ ಒಂದು ಸಂಪ್ರದಾಯ ಅಲ್ಲಿಂದ ಮೊದಲಾಯಿತು. ಅದರ ಮರುವರ್ಷ, 1882ರಲ್ಲಿ, ವೈಸರಾಯ್ ರಿಪ್ಪನ್ನನ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಬ್ರಿಟಿಷ್ ಇಂಡಿಯಾದಲ್ಲಿ ಹೊರಬಿತ್ತು.

ಮಂಡಲದಿಂದ ಗ್ರಾಮಕ್ಕೆ

ಸ್ವಾತಂತ್ರ್ಯಾನಂತರ ಬಲವಂತರಾಯ್ ಮೆಹತಾ ಸಮಿತಿ 1957ರಲ್ಲಿ ಮೂರು ಹಂತಗಳ ಪಂಚಾಯಿತಿ ವ್ಯವಸ್ಥೆಯನ್ನು ಸೂಚಿಸಿತು. 1959ರ ಅಕ್ಟೋಬರ್ 2ರಂದು ರಾಜಸ್ಥಾನದ ನಾಗೌರ್‌ನಲ್ಲಿ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಅದೇ ವರ್ಷ ಮೈಸೂರು ರಾಜ್ಯವೂ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯನ್ನು ಮಾಡಿತು. ಆದರೆ ಹಣವೂ ಅಧಿಕಾರವೂ ಕೆಳಗಿಳಿಯದೆ ಈ ಸಂಸ್ಥೆಗಳು ಬಹುಕಾಲ ಹೆಸರಿಗಷ್ಟೇ ಉಳಿದವು.

ಕರ್ನಾಟಕದಲ್ಲಿ ನಿಜವಾದ ತಿರುವು ಬಂದದ್ದು 1983ರ ಕಾಯ್ದೆಯಿಂದ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಅದರ ಪ್ರಾಣವಾಗಿದ್ದರು. ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿದ ಅವರನ್ನು ಜನ 'ನೀರ್ ಸಾಬ್' ಎಂದೇ ಕರೆದರು. 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದವು. ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ವರ್ಷಕ್ಕೆ ಎರಡು ಬಾರಿ ಗ್ರಾಮಸಭೆ ಸೇರಬೇಕೆಂಬ ನಿಯಮವೂ ಆ ಕಾಯ್ದೆಯಲ್ಲಿತ್ತು.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ದೊರೆಯಿತು. ಕೆಲವೇ ದಿನಗಳಲ್ಲಿ, ಮೇ 10ರಂದು, ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆ ಜಾರಿಗೊಂಡಿತು. ಸಾಮಾನ್ಯವಾಗಿ 5 ರಿಂದ 7 ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ, ಪ್ರತಿ 400 ಜನಕ್ಕೆ ಒಬ್ಬ ಸದಸ್ಯ ಎಂಬುದು ಅದರ ಮೂಲ ಲೆಕ್ಕಾಚಾರ. 2010ರಲ್ಲಿ ಮಹಿಳೆಯರ ಮೀಸಲಾತಿ ಅರ್ಧಕ್ಕೆ ಏರಿತು. ಇಂದು ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ.

ಅಧಿಕಾರದೊಡನೆ ಹಣವೂ ಬಂದಿತು. 2015ರಿಂದ 2020ರವರೆಗಿನ ಐದು ವರ್ಷಗಳಿಗೆ 14ನೆಯ ಹಣಕಾಸು ಆಯೋಗವು ದೇಶದ ಗ್ರಾಮ ಪಂಚಾಯಿತಿಗಳಿಗೆ 2 ಲಕ್ಷ ಕೋಟಿ ರೂಪಾಯಿಗೂ ಮಿಗಿಲಾದ ಅನುದಾನವನ್ನು ಶಿಫಾರಸು ಮಾಡಿತು. ಬರಿಗೈಯ ಪಂಚಾಯಿತಿಯನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಕೈತುಂಬ ಹಣ ಬಂದ ದಿನವೇ ಲೆಕ್ಕದ ಪ್ರಶ್ನೆ ಗಂಭೀರವಾಗುತ್ತದೆ.

ರಾಜಸ್ಥಾನದ ಬಯಲಿನಲ್ಲಿ ಕಲಿತ ಪಾಠ

ಲೆಕ್ಕ ಕೇಳುವ ಹಕ್ಕು ಭಾರತದಲ್ಲಿ ಗ್ರಂಥಾಲಯಗಳಿಂದಲೋ ವಿಶ್ವವಿದ್ಯಾಲಯಗಳಿಂದಲೋ ಹುಟ್ಟಿ ಬರಲಿಲ್ಲ. ಕೂಲಿ ಸಿಗದ ಬಡವರ ಬಾಯಿಂದ ಹುಟ್ಟಿತು. ರಾಜಸ್ಥಾನದ ದೇವಡೂಂಗ್ರಿ ಎಂಬ ಸಣ್ಣ ಹಳ್ಳಿಯನ್ನು ನೆಲೆಯಾಗಿಸಿಕೊಂಡು 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಸ್ಥಾಪನೆಯಾಯಿತು. ಭಾರತೀಯ ಆಡಳಿತ ಸೇವೆಯನ್ನು 1975ರಲ್ಲಿ ತೊರೆದು ಬಂದ ಅರುಣಾ ರಾಯ್, ಅವರೊಡನೆ ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಆ ಸೀಮೆಯ ಕೂಲಿಕಾರರೂ ರೈತರೂ ಅದರಲ್ಲಿದ್ದರು.

ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, "ನೀವು ಮಾಡಿದ ಕೆಲಸ ಅಳತೆಗೆ ಸಾಲದು" ಎಂಬ ಉತ್ತರ. ಅಳತೆ ಬರೆದ ಪುಸ್ತಕ ತೋರಿಸಿರೆಂದರೆ, ಅದು ಸರಕಾರದ ಗುಟ್ಟಿನ ಕಾಗದವೆಂಬ ನಿರಾಕರಣೆ. 1923ರಲ್ಲಿ ಪರಕೀಯರ ಆಡಳಿತ ಮಾಡಿದ ಅಧಿಕೃತ ರಹಸ್ಯಗಳ ಕಾಯ್ದೆಯ ನೆರಳು ಸ್ವತಂತ್ರ ಭಾರತದ ಹಳ್ಳಿಯ ಕೂಲಿಪಟ್ಟಿಯ ಮೇಲೂ ಬಿದ್ದಿತ್ತು. ಹೀಗೆ ಕೂಲಿಯ ಪ್ರಶ್ನೆ ಕಾಗದದ ಪ್ರಶ್ನೆಯಾಯಿತು. ಕಾಗದ ಕೈಗೆ ಬಾರದೆ ಕೂಲಿ ಕೈಗೆ ಬಾರದೆಂಬ ಸತ್ಯ ಅಕ್ಷರ ಬಾರದ ಜನರಿಗೇ ಎಲ್ಲರಿಗಿಂತ ಮೊದಲು ಹೊಳೆಯಿತು.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಮೊದಲ 'ಜನ್ ಸುನ್ವಾಯಿ', ಅಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. ಬಯಲಿನಲ್ಲಿ ಜನರನ್ನು ಸೇರಿಸಿ, ಪಂಚಾಯಿತಿಯ ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಗಟ್ಟಿಯಾಗಿ ಓದಲಾಯಿತು. ಓದಿದಂತೆ ಊರವರು ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ನುಡಿದರು. ಎಂದೋ ತೀರಿಹೋದವರು, ಊರು ಬಿಟ್ಟು ಹೋದವರು ಕೂಲಿ ಪಡೆದಂತೆ ಪಟ್ಟಿಯಲ್ಲಿ ದಾಖಲಾಗಿತ್ತು. ಅಂದು ಅಲ್ಲಿ ನಡೆದದ್ದು ಭಾಷಣವಲ್ಲ, ಘೋಷಣೆಯಲ್ಲ. ಸರಕಾರದ ಕಾಗದವನ್ನು ಆ ಕಾಗದ ಯಾರ ಹೆಸರಿನಲ್ಲಿ ಬರೆಯಲ್ಪಟ್ಟಿತೋ ಅವರ ಮುಂದೆ ಓದಿದ್ದು, ಅಷ್ಟೇ.

1995ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಪಂಚಾಯಿತಿಯ ದಾಖಲೆಗಳ ನಕಲು ಜನರಿಗೆ ದೊರೆಯುವುದೆಂದು ಆಶ್ವಾಸನೆಯಿತ್ತರು. ವರ್ಷ ಕಳೆದರೂ ಆಜ್ಞೆ ಹೊರಡಲಿಲ್ಲ. 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಧರಣಿ ಆರಂಭವಾಗಿ 40 ದಿನ ನಡೆಯಿತು. ಹಳ್ಳಿಗರ ಈ ಬೇಡಿಕೆಗೆ ಪಟ್ಟಣದ ವರ್ತಕರೂ ಕಾಳು, ತರಕಾರಿ, ಹಣ ನೀಡಿ ಬೆಂಬಲವಿತ್ತರು. ಹಣ ನಮ್ಮದು, ಆದ್ದರಿಂದ ಲೆಕ್ಕವೂ ನಮ್ಮದು ಎಂಬುದೇ ಅವರ ವಾದದ ಸಾರ.

ಜನರಿಗೆ ತಿಳಿಯುವ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ರಾಜ್‌ನಾರಾಯಣ್ ಪ್ರಕರಣದಲ್ಲಿಯೇ ಹೇಳಿತ್ತು. ಆದರೆ ಆ ಮಾತು ಕಾಯ್ದೆಯಾಗಲು ಮೂವತ್ತು ವರ್ಷ ಹಿಡಿಯಿತು. ತಮಿಳುನಾಡು 1997ರಲ್ಲಿ, ರಾಜಸ್ಥಾನ ಮತ್ತು ಕರ್ನಾಟಕ 2000ದಲ್ಲಿ ತಮ್ಮ ತಮ್ಮ ಕಾಯ್ದೆಗಳನ್ನು ಮಾಡಿದವು. ಕೇಂದ್ರದ 2002ರ ಕಾಯ್ದೆ ಅಂಗೀಕಾರವಾದರೂ ಜಾರಿಗೆ ಬರಲೇ ಇಲ್ಲ. ಕೊನೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ಆ ವರ್ಷದ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೊಂಡಿತು.

ಕಾಗದ ಮತ್ತು ನೆಲ

ಪಂಚಾಯಿತಿಯ ಲೆಕ್ಕವನ್ನು ಸರಕಾರದ ಲೆಕ್ಕಪರಿಶೋಧಕರು ಪರಿಶೀಲಿಸುತ್ತಾರಲ್ಲ, ಊರವರೇಕೆ ಮತ್ತೆ ನೋಡಬೇಕೆಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಒಂದು ಉದಾಹರಣೆಯಿಂದ ಸ್ಪಷ್ಟವಾದೀತು.

ಒಂದು ಕಲ್ಪಿತ ಹಳ್ಳಿಯಲ್ಲಿ ಒಂದು ಚರಂಡಿಯ ಕೆಲಸ ನಡೆಯಿತೆಂದು ಭಾವಿಸಬಹುದು. ಹಾಜರಿ ಪಟ್ಟಿಯಲ್ಲಿ 20 ಮಂದಿ 12 ದಿನ ದುಡಿದರೆಂದು ಇದೆ. ಅಂದರೆ 240 ಆಳುದಿನ. ದಿನಕ್ಕೆ 300 ರೂಪಾಯಿಯಂತೆ 72,000 ರೂಪಾಯಿ ಕೂಲಿ ಬಟವಾಡೆಯಾಗಿದೆ. ಅಳತೆ ಪುಸ್ತಕದಲ್ಲಿಯೂ ಅಷ್ಟೇ ಕೆಲಸಕ್ಕೆ ಹೊಂದುವ ಉದ್ದ, ಅಗಲ, ಆಳ ಬರೆದಿದೆ. ವೋಚರಿಗೆ ರುಜು ಇದೆ, ನಗದು ಪುಸ್ತಕದಲ್ಲಿ ಮೊತ್ತ ತಾಳೆಯಾಗುತ್ತದೆ. ತಾಲ್ಲೂಕಿನಿಂದ ಬಂದ ಲೆಕ್ಕಪರಿಶೋಧಕ ಈ ನಾಲ್ಕು ಕಾಗದಗಳನ್ನು ಒಂದಕ್ಕೊಂದು ಹೋಲಿಸಿ, ಎಲ್ಲವೂ ಸರಿಯಿದೆಯೆಂದು ಬರೆದು ಹೋಗುತ್ತಾನೆ. ಅವನ ಕರ್ತವ್ಯದಲ್ಲಿ ಲೋಪವೇನೂ ಇಲ್ಲ.

ಆದರೆ ಆ ಬೀದಿಯ ಜನ ಕಂಡದ್ದು 10 ಮಂದಿ 8 ದಿನ ದುಡಿದದ್ದನ್ನು. ಅದು 80 ಆಳುದಿನ, 24,000 ರೂಪಾಯಿ. ಉಳಿದ 160 ಆಳುದಿನಗಳ 48,000 ರೂಪಾಯಿ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಯಾವ ವಹಿಯಿಂದಲೂ ಏಳುವುದಿಲ್ಲ. ಆ ಬೀದಿಯಲ್ಲಿ ವಾಸಿಸುವವರಿಂದ ಮಾತ್ರ ಏಳುತ್ತದೆ. ಲೆಕ್ಕಪರಿಶೋಧಕ ಕಾಗದವನ್ನು ಕಾಗದದೊಡನೆ ಹೋಲಿಸುತ್ತಾನೆ. ಊರವರು ಕಾಗದವನ್ನು ನೆಲದೊಡನೆ ಹೋಲಿಸುತ್ತಾರೆ. ಸಾಮಾಜಿಕ ಪರಿಶೋಧನೆಯೆಂಬ ದೊಡ್ಡ ಹೆಸರಿನ ಒಳಗಿರುವ ಸರಳ ತತ್ತ್ವ ಇಷ್ಟೇ. ಇವೆರಡರಲ್ಲಿ ಒಂದು ಇನ್ನೊಂದಕ್ಕೆ ಬದಲಿಯಲ್ಲ. ಊರವರಿಗೆ ನಗದು ಪುಸ್ತಕದ ಕ್ರಮ ತಿಳಿಯದಿರಬಹುದು, ಪರಿಶೋಧಕನಿಗೆ ಊರಿನ ಮುಖಗಳು ತಿಳಿಯವು. ಎರಡೂ ಕೂಡಿದಾಗಲೇ ಲೆಕ್ಕ ಪೂರ್ಣವಾಗುತ್ತದೆ.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಈ ತತ್ತ್ವವನ್ನು ತನ್ನ 17ನೆಯ ವಿಧಿಯಲ್ಲಿ ಅಳವಡಿಸಿ, ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯ ಹೊಣೆಯನ್ನು ಗ್ರಾಮಸಭೆಗೆ ವಹಿಸಿತು. 2017ರಲ್ಲಿ ಮೇಘಾಲಯ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಯೋಜನೆಗಷ್ಟೇ ಸೀಮಿತವಾಗದಂತೆ ಸಾಮಾಜಿಕ ಪರಿಶೋಧನೆಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯವೆನಿಸಿತು.

ಕರ್ನಾಟಕದಲ್ಲಿರುವ ಸಾಧನಗಳು

ಕರ್ನಾಟಕದ ಗ್ರಾಮಸ್ಥರ ಕೈಯಲ್ಲಿ ಲೆಕ್ಕ ಕೇಳುವ ಸಾಧನಗಳು ಕಡಿಮೆಯಿಲ್ಲ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಕ್ರಮವಾಗಿ ವಿವರಿಸಬಹುದು.

ಮೊದಲನೆಯದು ಗ್ರಾಮಸಭೆ. ಪಂಚಾಯಿತಿಯ ಮತದಾರರೆಲ್ಲರೂ ಇದರ ಸದಸ್ಯರು. ಗ್ರಾಮ ಪಂಚಾಯಿತಿ ಚುನಾಯಿತ ಸಂಸ್ಥೆ. ಗ್ರಾಮಸಭೆ ಅದನ್ನು ಚುನಾಯಿಸಿದವರ ಸಭೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಇದಕ್ಕೂ ಕೆಳಗೆ, ಪ್ರತಿ ವಾರ್ಡಿನ ಮಟ್ಟದಲ್ಲಿ, ವಾರ್ಡುಸಭೆಯೂ ಉಂಟು. ಯಾವ ಕೆಲಸ ಬೇಕು, ಯಾರಿಗೆ ಮನೆ ಕೊಡಬೇಕು, ಕಳೆದ ಸಾಲಿನ ಹಣ ಏನಾಯಿತು ಎಂಬ ಚರ್ಚೆ ಇಲ್ಲಿ ನಡೆಯಬೇಕೆಂಬುದು ಕಾಯ್ದೆಯ ಆಶಯ.

ಎರಡನೆಯದು ಜಮಾಬಂದಿ. ಈ ಪದ ಹಳೆಯ ಕಂದಾಯ ಆಡಳಿತದ್ದು. ಮೇಲಧಿಕಾರಿ ವರ್ಷಕ್ಕೊಮ್ಮೆ ಬಂದು ಶ್ಯಾನುಭೋಗರ ಲೆಕ್ಕ ಪರೀಕ್ಷಿಸಿ ಊರಿನ ಕಂದಾಯವನ್ನು ಇತ್ಯರ್ಥಗೊಳಿಸುವ ಕ್ರಮಕ್ಕೆ ಆ ಹೆಸರಿತ್ತು. ಆಗ ಲೆಕ್ಕ ಕೇಳುವವನು ಸರಕಾರ, ಕೊಡುವವನು ಊರಿನವನು. ಪಂಚಾಯಿತಿಯ ಜಮಾಬಂದಿಯಲ್ಲಿ ಈ ಕ್ರಮ ತಿರುವುಮುರುವಾಗಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಹೊರಗಿನ ಅಧಿಕಾರಿಗಳ ಸಮ್ಮುಖದಲ್ಲಿ ಪಂಚಾಯಿತಿ ತನ್ನ ಹಿಂದಿನ ಸಾಲಿನ ಜಮಾ ಖರ್ಚನ್ನೂ ಕಾಮಗಾರಿಗಳನ್ನೂ ಜನರ ಪರಿಶೀಲನೆಗೆ ಒಡ್ಡಬೇಕು. ಕಾಗದವನ್ನು ನೋಡಿದ ಬಳಿಕ ಕಾಮಗಾರಿಯ ಸ್ಥಳಕ್ಕೂ ಹೋಗಿ ನೋಡಬೇಕು. ಹೆಸರು ಹಳೆಯದು, ಆದರೆ ಕೇಳುವವರು ಬದಲಾಗಿದ್ದಾರೆ.

ಮೂರನೆಯದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕದೊಡನೆ ಒಂದು ಅರ್ಜಿ ಬರೆದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಗಳೊಳಗೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. ಮಾಹಿತಿ ಏಕೆ ಬೇಕೆಂದು ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ. ಈ ಕಾಯ್ದೆಯ 4ನೆಯ ವಿಧಿ ಇನ್ನೂ ಮಹತ್ವದ್ದು. ಯಾರೂ ಕೇಳದಿದ್ದರೂ ಪ್ರತಿ ಸಾರ್ವಜನಿಕ ಕಚೇರಿ ತನ್ನ ಅಧಿಕಾರ, ಆಯವ್ಯಯ, ಫಲಾನುಭವಿಗಳ ವಿವರ ಮೊದಲಾದ 17 ಬಗೆಯ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ. ಈ ಒಂದು ವಿಧಿ ಪಂಚಾಯಿತಿಯ ಗೋಡೆಯ ಮೇಲೆ ಪ್ರಾಮಾಣಿಕವಾಗಿ ಪಾಲನೆಯಾದರೆ ಅರ್ಜಿ ಬರೆಯುವ ಪ್ರಸಂಗವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಇವಲ್ಲದೆ 1984ರ ಕಾಯ್ದೆಯ ಲೋಕಾಯುಕ್ತ ಸಂಸ್ಥೆಯಿದೆ. ಸರಕಾರಿ ಖರೀದಿಗಳಲ್ಲಿ ಬಹಿರಂಗ ಟೆಂಡರಿನ ಕ್ರಮವನ್ನು ವಿಧಿಸಿದ 1999ರ ಪಾರದರ್ಶಕತೆ ಕಾಯ್ದೆಯಿದೆ. ಗೊತ್ತಾದ ದಿನಗಳೊಳಗೆ ಸೇವೆ ಕೊಡದ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೊಡಿಸುವ ಸಕಾಲ ಕಾಯ್ದೆ 2011ರಲ್ಲಿ ಬಂದಿತು.

ಸಾಧನವಿದ್ದೂ ಫಲವೇಕೆ ಸಾಲದು?

ಇಷ್ಟೆಲ್ಲ ಇದ್ದರೂ ಅನೇಕ ಊರುಗಳಲ್ಲಿ ಗ್ರಾಮಸಭೆ ಶಾಸ್ತ್ರಕ್ಕೆ ನಡೆದು ಮುಗಿಯುವುದು ಎಲ್ಲರಿಗೂ ತಿಳಿದ ಸಂಗತಿ. ಬೆಳಿಗ್ಗೆ ಹೊಲಗೆಲಸದ ವೇಳೆಯಲ್ಲಿ ಸಭೆ ಕರೆಯಲಾಗುತ್ತದೆ. ಡಂಗುರವಾಗಲಿ ಕರಪತ್ರವಾಗಲಿ ಕೇರಿಯ ಕೊನೆಯ ಮನೆಗೆ ಮುಟ್ಟುವುದಿಲ್ಲ. ಬಂದವರು ಮನೆಯ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದಷ್ಟೇ ಕೇಳಿ ಹೊರಡುತ್ತಾರೆ. ಲೆಕ್ಕ ಓದುವ ಹೊತ್ತಿಗೆ ಜಮಖಾನೆ ಮಡಿಚುವವರು ಮಾತ್ರ ಉಳಿದಿರುತ್ತಾರೆ.

ಇದಕ್ಕೆ ಜನರ ಉದಾಸೀನವೊಂದೇ ಕಾರಣವೆನ್ನುವುದು ಅರ್ಧ ಸತ್ಯ. ಭಯ ಇನ್ನೊಂದು ಕಾರಣ. ಪ್ರಶ್ನೆ ಕೇಳಬೇಕಾದ ಕೂಲಿಕಾರ ನಾಳೆ ಕೆಲಸ ಕೇಳಬೇಕಾದುದು ಉತ್ತರ ಕೊಡಬೇಕಾದವನ ಹತ್ತಿರವೇ. ನಗರದಲ್ಲಿ ಅರ್ಜಿ ಹಾಕಿದವನ ಮುಖ ಯಾರಿಗೂ ಗೊತ್ತಾಗದು. ಹಳ್ಳಿಯಲ್ಲಿ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಮಾಹಿತಿ ಕೇಳಿದ ಕಾರಣಕ್ಕೆ ಹಲ್ಲೆಗೊಳಗಾದವರೂ ಪ್ರಾಣ ತೆತ್ತವರೂ ಈ ದೇಶದಲ್ಲಿದ್ದಾರೆ. ಇಂಥವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅನೇಕ ವರ್ಷಗಳವರೆಗೂ ಜಾರಿಗೆ ಬರಲಿಲ್ಲ.

ಭಾಷೆ ಮೂರನೆಯ ಕಾರಣ. ಸಂಕೇತಾಕ್ಷರಗಳಿಂದ ತುಂಬಿದ, ಲೆಕ್ಕಶೀರ್ಷಿಕೆಗಳ ಸಂಖ್ಯೆಗಳಿಂದ ಗಿಡಿದ ಹಾಳೆಯನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಅದು ಪಾರದರ್ಶಕವಾಗುವುದಿಲ್ಲ. "ಇಂಥ ಬೀದಿಯಲ್ಲಿ ಇಷ್ಟು ಮೀಟರ್ ಚರಂಡಿ, ಇಷ್ಟು ಮೂಟೆ ಸಿಮೆಂಟು, ಇಂಥವರಿಗೆ ಇಷ್ಟು ಕೂಲಿ" ಎಂದು ತಿಳಿಗನ್ನಡದಲ್ಲಿ ಬರೆದಾಗ, ಬರೆದುದನ್ನು ಗಟ್ಟಿಯಾಗಿ ಓದಿದಾಗ ಮಾತ್ರ ಅದು ಜನರ ಲೆಕ್ಕವಾಗುತ್ತದೆ. ಗಣಕಯಂತ್ರದಲ್ಲಿ ಲೆಕ್ಕ ಪ್ರಕಟಿಸುವ ಈಗಿನ ಕ್ರಮಕ್ಕೂ ಇದೇ ಮಾತು ಸಲ್ಲುತ್ತದೆ. ಬೆಂಗಳೂರಿನಲ್ಲಿ ಕುಳಿತು ನೋಡುವವನಿಗೆ ಅದು ದೊಡ್ಡ ಅನುಕೂಲ. ಜಾಲ ನೋಡಲು ಬಾರದ ಮುದುಕಿಗೆ ಅದು ಬೀಗ ಹಾಕಿದ ಪೆಟ್ಟಿಗೆಯೇ.

ನಾಲ್ಕನೆಯದು ಮೇಲಿನವರ ಮಾದರಿ. ಪಂಚಾಯಿತಿಯ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ವಿಧಿಸಿದೆ. ಆದರೆ ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲಿ ಅವು ಉಳಿದವು. ಪ್ರತಿನಿಧಿಯೇ ಇಲ್ಲದ ಕಡೆ ಜನ ಯಾರನ್ನು ಕೇಳಬೇಕು? ಲೆಕ್ಕ ಕೊಡುವ ಮೊದಲ ಕ್ರಿಯೆ ನಿಗದಿಯಾದ ದಿನ ಜನರ ಮುಂದೆ ನಿಲ್ಲುವುದೇ ಆಗಿದೆ.

ಇನ್ನೊಂದು ಪಕ್ಷ

ಇಲ್ಲಿ ಪಂಚಾಯಿತಿಯ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಒಬ್ಬನೇ ನೀರು, ತೆರಿಗೆ, ಮನೆ, ಕೂಲಿ, ನೈರ್ಮಲ್ಯಗಳೆಲ್ಲವನ್ನೂ ನೋಡಬೇಕಾಗುತ್ತದೆ. ಮಾಹಿತಿ ಹಕ್ಕನ್ನು ಹಗೆ ತೀರಿಸಿಕೊಳ್ಳುವುದಕ್ಕೂ, ಹೆದರಿಸಿ ಹಣ ಕೀಳುವುದಕ್ಕೂ ಬಳಸುವವರಿದ್ದಾರೆಂಬ ಅವರ ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಮೊದಲ ಬಾರಿಗೆ ಅಧ್ಯಕ್ಷೆಯಾದ, ವಹಿ ಓದಲು ಕಲಿಯುತ್ತಿರುವ ಮಹಿಳೆಯ ಮೇಲೆ ಊರಿನ ಬಲಾಢ್ಯರು ಲೆಕ್ಕದ ನೆಪದಲ್ಲಿ ಎರಗುವುದೂ ಉಂಟು. ನಿನ್ನೆಯವರೆಗೆ ಬಲಾಢ್ಯರೇ ಅಧ್ಯಕ್ಷರಾಗಿದ್ದಾಗ ಏಳದ ಪ್ರಶ್ನೆ ಇಂದು ಮಾತ್ರ ಎದ್ದರೆ, ಅದು ಲೆಕ್ಕದ ಪ್ರಶ್ನೆಯಲ್ಲ.

ಆದರೆ ಇದಕ್ಕೆ ಪರಿಹಾರ ಕಡತ ಮುಚ್ಚುವುದಲ್ಲ, ಇನ್ನಷ್ಟು ತೆರೆಯುವುದು. ಎಲ್ಲರಿಗೂ ತಿಳಿದ ಸಂಗತಿಯಿಂದ ಯಾರನ್ನೂ ಹೆದರಿಸಲಾಗದು. ಗುಟ್ಟಾಗಿರುವುದಕ್ಕೆ ಮಾತ್ರ ಬೆಲೆ ಕಟ್ಟಬಹುದು. ಪ್ರಾಮಾಣಿಕ ಅಧ್ಯಕ್ಷನಿಗೂ ಅಧಿಕಾರಿಗೂ ತೆರೆದ ಲೆಕ್ಕವೇ ದೊಡ್ಡ ರಕ್ಷೆ. ಮೇಲಿನಿಂದ ಒತ್ತಡ ಬಂದಾಗ "ಇದನ್ನು ಸೆಪ್ಟೆಂಬರಿನಲ್ಲಿ ಊರ ಮುಂದೆ ಓದಬೇಕಾಗುತ್ತದೆ" ಎಂಬ ಒಂದು ಮಾತು ಅವನ ಬೆನ್ನಿಗೆ ನಿಲ್ಲುತ್ತದೆ.

ಶಾಲೆಯ ಪಾತ್ರ

ಈ ವಿದ್ಯೆಯ ಬೀಜ ಬೀಳಬೇಕಾದುದು ಶಾಲೆಯಲ್ಲಿ. ಪೌರನೀತಿಯ ಪಾಠದಲ್ಲಿ ಗ್ರಾಮಸಭೆಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಅಂಕ ಪಡೆದ ವಿದ್ಯಾರ್ಥಿ ತನ್ನೂರಿನ ಗ್ರಾಮಸಭೆಯನ್ನು ಎಂದೂ ಕಂಡಿರುವುದಿಲ್ಲ. ಅಧ್ಯಾಪಕರು ವರ್ಷಕ್ಕೊಮ್ಮೆ ಪ್ರೌಢಶಾಲೆಯ ಮಕ್ಕಳನ್ನು ಜಮಾಬಂದಿಗೆ ಕರೆದೊಯ್ದು ಹಿಂದೆ ಕೂರಿಸಿದರೆ ಅದು ಹತ್ತು ಪಾಠಗಳಿಗೆ ಸಮ. ಗಣಿತದ ತರಗತಿಯಲ್ಲಿ ಪಂಚಾಯಿತಿಯ ಪ್ರಕಟಿತ ಆಯವ್ಯಯವನ್ನೇ ಲೆಕ್ಕವಾಗಿ ಕೊಡಬಹುದು. ಚರಂಡಿಯ ಘನ ಅಳತೆಯನ್ನು ಮಕ್ಕಳು ಟೇಪು ಹಿಡಿದು ತಾವೇ ಕಂಡುಕೊಳ್ಳಬಹುದು. ಇದರಲ್ಲಿ ಯಾರ ಮೇಲೂ ದೂರಿಲ್ಲ, ರಾಜಕೀಯವೂ ಇಲ್ಲ. ಕಾಗದವನ್ನೂ ನೆಲವನ್ನೂ ಜೊತೆಗಿಟ್ಟು ನೋಡುವ ಅಭ್ಯಾಸವಷ್ಟೇ ಇದೆ.

ಊರು ಬಿಟ್ಟು ನಗರಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕರ್ತವ್ಯವಿದೆ. ಅವರಲ್ಲಿ ಲೆಕ್ಕಪರಿಶೋಧಕರು, ಎಂಜಿನಿಯರುಗಳು, ವಕೀಲರು ಇದ್ದಾರೆ. ಜಾತ್ರೆಗೆ ಬರುವಂತೆ ಗ್ರಾಮಸಭೆಗೂ ಒಮ್ಮೆ ಬಂದು, ಅಂದಾಜುಪಟ್ಟಿ ಓದುವುದು ಹೇಗೆಂದು ಊರಿನ ಯುವಕರಿಗೂ ಸ್ವಸಹಾಯ ಸಂಘಗಳ ಮಹಿಳೆಯರಿಗೂ ಹೇಳಿಕೊಟ್ಟರೆ, ಅದು ಊರಿಗೆ ಸಲ್ಲಿಸಿದ ಋಣವೇ ಸರಿ. ಊರು ಹೆದರುವ ಪ್ರಶ್ನೆಯನ್ನು, ಊರಿನಲ್ಲಿ ಕೂಲಿ ಬೇಡಬೇಕಾಗಿಲ್ಲದವನು ಕೇಳುವುದು ಸುಲಭವೂ ಹೌದು, ಧರ್ಮವೂ ಹೌದು.

ದಾನಿಗಳಿಗೆ ಈ ವಿಷಯ ಹೊಸದೇನಲ್ಲ. ಒಂದು ಕೊಠಡಿಗೆ ಹಣ ಕೊಟ್ಟವರು ಆ ಕೊಠಡಿಯನ್ನು ಬಂದು ನೋಡುತ್ತಾರೆ. ಸಂಸ್ಥೆ ಅವರಿಗೆ ಲೆಕ್ಕ ತೋರಿಸುತ್ತದೆ. ಅದರಿಂದ ಕೊಡುವವರ ಗೌರವವೂ ಪಡೆಯುವವರ ಗೌರವವೂ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ತೆರಿಗೆ ಕಟ್ಟುವ ಪ್ರತಿಯೊಬ್ಬನೂ ಊರಿನ ದಾನಿಯೇ. ಬೆಂಕಿಪೊಟ್ಟಣ ಕೊಂಡ ಕೂಲಿಕಾರ್ತಿಯೂ ಸರಕಾರಕ್ಕೆ ತೆರಿಗೆ ಕೊಟ್ಟಿದ್ದಾಳೆ. ದೊಡ್ಡ ದಾನಿಗೆ ಸಲ್ಲುವ ಉತ್ತರ ಅವಳಿಗೂ ಸಲ್ಲಬೇಕು.

ಉತ್ತರಮೇರೂರಿನ ಸಭೆ ಲೆಕ್ಕದ ನಿಯಮವನ್ನು ಕಲ್ಲಿನಲ್ಲಿ ಕೆತ್ತಿಸಿತು. ಕೋಟ್ ಕಿರಾನಾದ ಜನ ಅದನ್ನು ಬಯಲಿನಲ್ಲಿ ಬಾಯಿಬಿಟ್ಟು ಓದಿದರು. ಒಂದು ಕಾಯ್ದೆ, ಇನ್ನೊಂದು ಧೈರ್ಯ. ಕರ್ನಾಟಕದ ಹಳ್ಳಿಗಳಿಗೆ ಕಾಯ್ದೆಯ ಕೊರತೆಯಿಲ್ಲ. ಮುಂದಿನ ಜಮಾಬಂದಿಯ ದಿನ ಪಂಚಾಯಿತಿಯ ಮುಂದೆ ಚಾಪೆ ಹಾಸಿ ವಹಿ ತೆರೆದಾಗ, ಆ ಚಾಪೆಯ ಮೇಲೆ ಎಷ್ಟು ಜನ ಕುಳಿತಿದ್ದಾರೆ, ಅವರಲ್ಲಿ ಎಷ್ಟು ಮಂದಿ ಕೊನೆಯ ಪುಟದವರೆಗೆ ಏಳದೆ ಕೇಳುತ್ತಾರೆ ಎಂಬುದರ ಮೇಲೆ ಆ ಊರಿನ ಸ್ವರಾಜ್ಯ ನಿಂತಿದೆ.